ನೀಲಿ ತಾಯಿ, ಕೆಂಪು ತಂದೆ: ಡ್ರ್ಯಾಗನ್ ಮರಿ ನೇರಳೆ ಆಗುತ್ತದೆಯೇ?

ಹಲ್ಲಿಬಾಲ (ಪ್ರಶ್ನೆ)

ಕಾದಂಬರಿಗೆಂದು ಒಂದು ಡ್ರ್ಯಾಗನ್ ಜಾತಿ ಕಟ್ಟುತ್ತಿದ್ದೇನೆ. ಸರೀಸೃಪ, ಮೂತಿಯಿಂದ ಬಾಲದ ತುದಿಗೆ 9 ಮೀಟರ್, ತೂಕ ಒಂದು ಟನ್, ಬಾಯಲ್ಲಿ ಬೆಂಕಿ, ಚಳಿ ಬೆಟ್ಟಗಳಲ್ಲಿ ವಾಸ. (ಹಾರಾಟದ ಲೆಕ್ಕ ಕೇಳಬೇಡಿ, ಅದಕ್ಕೆ ಮಂತ್ರವಿದೆ.) ಒಂದೇ ಜಾತಿಯಲ್ಲಿ ಹಸಿರು, ನೀಲಿ, ಹಳದಿ, ಕೆಂಪು, ಬಿಳಿ ಎಲ್ಲವೂ ಬೇಕು. ನೀಲಿ ಹೆಣ್ಣಿಗೂ ಕೆಂಪು ಗಂಡಿಗೂ ನೇರಳೆ ಮರಿ ಹುಟ್ಟುತ್ತದೆ ಎಂದು ಬರೆದಿಟ್ಟಿದ್ದೇನೆ. ರಾಜವಂಶದ ಲಾಂಛನವೇ ಆ ನೇರಳೆ. ಇದು ನಿಲ್ಲುತ್ತದೆಯೇ?

ಪೊರೆಹಾವು

ನಿಲ್ಲುವುದಿಲ್ಲ. ನೀವು ಬಣ್ಣದ ಡಬ್ಬಿ ಕಲಸುತ್ತಿದ್ದೀರಿ. ಸರೀಸೃಪದ ಚರ್ಮದಲ್ಲಿ ಇರುವುದು ಒಂದರ ಮೇಲೊಂದು ಮೂರು ಪದರ. ಮೇಲೆ ಹಳದಿ-ಕೆಂಪು ವರ್ಣದ್ರವ್ಯದ ಕೋಶಗಳು, ನಡುವೆ ಗ್ವಾನಿನ್ ಎಂಬ ವಸ್ತುವಿನ ಹರಳು ತುಂಬಿದ, ಬೆಳಕು ಪ್ರತಿಫಲಿಸುವ ಕೋಶಗಳು (ಇರಿಡೊಫೋರ್‌ಗಳು), ತಳದಲ್ಲಿ ಮೆಲನಿನ್ ಎಂಬ ಕಪ್ಪು ದ್ರವ್ಯ ಇರುವ ಕೋಶಗಳು. ನೀಲಿ ವರ್ಣದ್ರವ್ಯ ಎಂಬುದು ಬೆನ್ನೆಲುಬಿರುವ ಪ್ರಾಣಿಗಳಲ್ಲಿ ತೀರಾ ಅಪರೂಪ. ನೀಲಿಯನ್ನು ಕೊಡುವುದು ಹರಳಿನ ಪ್ರತಿಫಲನ. ಅದರ ಮೇಲೆ ಹಳದಿ ಕೂತರೆ ನಮ್ಮ ಕಣ್ಣಿಗೆ ಹಸಿರು.

ಆದ್ದರಿಂದ ನಿಮ್ಮ ಮೂಲ ಡ್ರ್ಯಾಗನ್ ಹಸಿರಾಗಿರಲಿ. ಉಳಿದವು ಅದರಲ್ಲಿ ಏನೋ ಒಂದು ಕಳೆದುಹೋದವು. ಹಳದಿ ಹೋದರೆ ನೀಲಿ. ಮೆಲನಿನ್ ಹೋದರೆ ಹಳದಿ, ಏಕೆಂದರೆ ಹಿಂದೆ ಕಪ್ಪು ಇಲ್ಲದಿದ್ದರೆ ಅಡ್ಡಾದಿಡ್ಡಿ ಬೆಳಕೆಲ್ಲ ವಾಪಸ್ ಬಂದು ನೀಲಿಯನ್ನು ತೊಳೆದುಬಿಡುತ್ತದೆ. ಎರಡೂ ಹೋದರೆ ಬಿಳಿ.

ಎರಡು ದೋಷಗಳನ್ನೂ ಸುಪ್ತವಾಗಿ (ಅಂದರೆ ತಾಯಿ, ತಂದೆ ಇಬ್ಬರಿಂದಲೂ ಬಂದರಷ್ಟೇ ಹೊರಗೆ ಕಾಣುವಂತೆ), ಬೇರೆ ಬೇರೆ ವರ್ಣತಂತುಗಳಲ್ಲಿ ಇಡಿ. ಆಗ ಶುದ್ಧ ತಳಿಯ ನೀಲಿಗೂ ಹಳದಿಗೂ ಹುಟ್ಟಿದ ಮರಿಗಳೆಲ್ಲ ಹಸಿರು! ಆ ಮರಿಗಳು ತಮ್ಮತಮ್ಮಲ್ಲೇ ಕೂಡಿದರೆ 16ರಲ್ಲಿ ಸರಾಸರಿ 9 ಹಸಿರು, 3 ನೀಲಿ, 3 ಹಳದಿ, 1 ಬಿಳಿ. ನೀಲಿಗೆ ನೀಲಿ ಕೂಡಿದರೆ ಹಸಿರು ಹುಟ್ಟುವ ಹಾಗಿಲ್ಲ. ಹುಟ್ಟಿತೆಂದರೆ ನಿಮ್ಮ ಅರಮನೆಯಲ್ಲಿ ಒಂದು ಗುಟ್ಟಿದೆ. ಕಥೆಗೆ ನೇರಳೆಗಿಂತ ಇದೇ ಹೆಚ್ಚು ಒದಗುತ್ತದೆ ಅನ್ನಿಸುತ್ತದೆ.

ಕೆಂಪಿನ ಕತೆ ಬೇರೆ. ಕೆಂಪು ದ್ರವ್ಯದ ಗುಣವೂ ನೀಲಿ ಹರಳಿನ ಗುಣವೂ ಮರಿಯಲ್ಲಿ ಒಟ್ಟಿಗೆ ಬಂದರೆ, ಹರಳು ಎಸೆದ ನೀಲಿ ಬೆಳಕನ್ನು ಮೇಲಿನ ಕೆಂಪು ದ್ರವ್ಯ ನುಂಗಿಹಾಕುತ್ತದೆ. ಉಳಿಯುವುದು ಕಂದಿದ ಕಗ್ಗಂದು. ಇನ್ನು ಆ ಕೆಂಪು ಕ್ಯಾರೊಟಿನಾಯ್ಡ್ (ಗಿಡಗಳಲ್ಲಿ ಹುಟ್ಟುವ ಬಗೆಯ ವರ್ಣದ್ರವ್ಯ) ಆದರೆ ಅದನ್ನು ದೇಹ ತಾನೇ ತಯಾರಿಸಲಾರದು, ಆಹಾರದಿಂದಲೇ ಬರಬೇಕು. ಸೆರೆಯಲ್ಲಿ ಬರೀ ಮಾಂಸದ ಮೇಲೆ ಬೆಳೆದ ಕೆಂಪು ಡ್ರ್ಯಾಗನ್ ಬಿಳಚಿಕೊಳ್ಳುತ್ತದೆ. ಅದು ಬೇಡವೆಂದರೆ ಟೆರಿಡಿನ್ ಎಂಬ ಇನ್ನೊಂದು ವರ್ಣದ್ರವ್ಯ ಎನ್ನಿ, ಅದನ್ನು ಕೋಶವೇ ತಯಾರಿಸಿಕೊಳ್ಳುತ್ತದೆ.

ನವಿಲ್ಗಣ್ಣು

ಲಾಂಛನವನ್ನು ಇಷ್ಟು ಬೇಗ ಬಿಡಬೇಡಿ, ನೇರಳೆಗೆ ದಾರಿಯಿದೆ.

ಹರಳನ್ನು ಸಮತಟ್ಟು ಹಾಳೆಗಳಂತೆ ಜೋಡಿಸಿ. ಗ್ವಾನಿನ್‌ನ ವಕ್ರೀಭವನಾಂಕ (ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬ ಅಳತೆ) ಸುಮಾರು 1.83, ನಡುವಿನ ಕೋಶದ್ರವದ್ದು 1.33. 480 ನ್ಯಾನೋಮೀಟರ್ ತರಂಗಾಂತರದ ನೀಲಿ ಬೇಕಿದ್ದರೆ ಹರಳಿನ ದಪ್ಪ 66, ದ್ರವದ ಸಂದು 90 ನ್ಯಾನೋಮೀಟರ್. ಎದುರಿನಿಂದ ನೋಡಿದರೆ ನೀಲಿ. 50 ಡಿಗ್ರಿ ಓರೆಯಿಂದ ನೋಡಿದರೆ ಪ್ರತಿಫಲನ ಸುಮಾರು 415ಕ್ಕೆ ಜಾರುತ್ತದೆ, ಅಂದರೆ ನೇರಳೆ. ರಾಜವಂಶದ ಡ್ರ್ಯಾಗನ್ ಪಕ್ಕಕ್ಕೆ ತಿರುಗಿದಾಗ ಮಾತ್ರ ನೇರಳೆ! ಸಾಮಾನ್ಯ ನೀಲಿಗಳಲ್ಲಿ ಹರಳುಗಳು ಅಸ್ತವ್ಯಸ್ತವಾಗಿರಲಿ, ಆಗ ಅವು ಯಾವ ಕಡೆಯಿಂದಲೂ ಒಂದೇ ನೀಲಿ. ಓರೆ ನೋಟದಲ್ಲಿ ಕೆಂಪಿನ ಕಡೆಗೆ ಹೋಯಿತು ಎಂದು ಮಾತ್ರ ಬರೆಯಬೇಡಿ. ಜಾರುವುದು ಯಾವಾಗಲೂ ನೇರಳೆಯ ಕಡೆಗೇ.

ಕೋಪಕ್ಕೆ ಬಣ್ಣ ಬದಲಾಗಬೇಕೇ? ಹರಳಿನ ದಪ್ಪ ಹಾಗೇ ಇರಲಿ, ಸಂದು 90ರಿಂದ 150ಕ್ಕೆ ಹಿಗ್ಗಲಿ, ಪ್ರತಿಫಲನ 640ಕ್ಕೆ, ಕೆಂಪಿಗೆ, ಹೋಗುತ್ತದೆ. ಪ್ಯಾಂಥರ್ ಗೋಸುಂಬೆ ಹರಳುಗಳ ನಡುವಿನ ಅಂತರ ಹಿಗ್ಗಿಸಿಯೇ ಬಣ್ಣ ಬದಲಿಸುತ್ತದೆ ಎಂದು 2015ರಲ್ಲಿ ತೋರಿಸಿದರು. ಅದಕ್ಕೆ ಕೆಲವು ನಿಮಿಷ ಹಿಡಿಯುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವುದಿಲ್ಲ. ನೀಲಿಯಿಂದ ಕೆಂಪಿಗೆ ಹೋಗುವಾಗ ನಡುವೆ ಹಸಿರು, ಹಳದಿ ದಾಟಲೇಬೇಕು.

ಕೆಂಡಮೂತಿ

ಬೆಂಕಿಯನ್ನು ಎಲ್ಲರೂ ಮರೆತಿರಿ. ಸಯಾಮಿ ಬೆಕ್ಕಿನ ಕಿವಿ, ಮೂತಿ, ಪಾದ, ಬಾಲ ಕಪ್ಪಾಗುವುದು ಏಕೆಂದರೆ ಅದರ ಟೈರೊಸಿನೇಸ್ ಕಿಣ್ವ ದೇಹದ ಬಿಸಿಯಲ್ಲಿ ಕೆಲಸ ಮಾಡದು, ತಂಪು ಭಾಗಗಳಲ್ಲಷ್ಟೇ ಮೆಲನಿನ್ ತಯಾರಾಗುತ್ತದೆ. ಅದನ್ನೇ ಇಲ್ಲಿ ತನ್ನಿ: ಬೆಂಕಿಯ ಗಂಟಲು, ಎದೆ ಬಿಳಚು, ಬಾಲದ ತುದಿ, ರೆಕ್ಕೆಯಂಚು ಕಪ್ಪು. ಬಹುದಿನ ಬೆಂಕಿ ಉಗುಳದ ಮುದಿ ಡ್ರ್ಯಾಗನ್‌ನ ಗಂಟಲು ನಿಧಾನಕ್ಕೆ ಕಪ್ಪಾಗುತ್ತದೆ. ಅನುಭವಿ ಬೇಟೆಗಾರನಿಗೆ ದೂರದಿಂದಲೇ ಗೊತ್ತಾಗುತ್ತದೆ.

ಚಳಿಬೆಟ್ಟ ಎಂದು ಇಡೀ ಮೈ ಕಪ್ಪು ಮಾಡಬೇಡಿ. ಕಪ್ಪು ಬಣ್ಣದಿಂದ ಬೇಗ ಬಿಸಿಯಾಗುವುದು ಸಣ್ಣ ಹಲ್ಲಿಗೆ ಲಾಭ. ಒಂದು ಟನ್ ಮೈ ಹಾಗೆ ಕಾಯಬೇಕಾದರೆ ಬಿಸಿಲಲ್ಲಿ ಗಂಟೆಗಟ್ಟಲೆ ಬಿದ್ದಿರಬೇಕು. ಮರಿಗಳು ಕಪ್ಪಾಗಿರಲಿ, ಬೆಳೆದವಕ್ಕೆ ರೆಕ್ಕೆಯ ಪೊರೆ ಮಾತ್ರ ಕಪ್ಪು ಸಾಕು. ಅದು ತೆಳು, ತುಂಬ ರಕ್ತನಾಳ, ಬಿಸಿಲಿಗೆ ಚಾಚಿದರೆ ಕಾದ ರಕ್ತ ಮೈಗೆ ಹರಿಯುತ್ತದೆ.

ಹಲ್ಲಿಬಾಲ

ಓರೆ ನೇರಳೆ ಸಿಕ್ಕಿತು, ಅರಮನೆಯ ಗುಟ್ಟೂ ಸಿಕ್ಕಿತು. ಇನ್ನೊಂದೇ: ನನ್ನ ಸೈನಿಕರು ಹಸಿರು ಡ್ರ್ಯಾಗನ್ ಚರ್ಮದ ಕವಚ ತೊಡುತ್ತಾರೆ, ವ್ಯಾಪಾರಿಗಳು ಡ್ರ್ಯಾಗನ್ ಕಳಚಿದ ಕೆಂಪು ಪೊರೆ ಮಾರುತ್ತಾರೆ. ಸರಿಯೇ?

ಪೊರೆಹಾವು

ಪೊರೆಗೆ ಕೆಂಪು ಬರದು. ಬಣ್ಣದ ಕೋಶಗಳು ಒಳಚರ್ಮದಲ್ಲಿವೆ, ಕಳಚಿ ಬೀಳುವುದು ಹೊರಪದರ. ಅದು ಹೆಚ್ಚೆಂದರೆ ಮಸುಕು ಕಂದು ಗೆರೆಗಳಿರುವ, ಬೆಳಕು ಹಾಯುವ ಹಾಳೆ. ಕೆಂಪು ಪೊರೆ ಮಾರುವವನು ಬಣ್ಣ ಹಚ್ಚಿದ್ದಾನೆ.

ಕವಚವೂ ಹಸಿರಾಗಿ ಉಳಿಯದು. ಹಸಿರು ಹಾವನ್ನು ಸ್ಪಿರಿಟ್‌ನಲ್ಲಿ ಇಟ್ಟರೆ ಹಳದಿ ಕರಗಿ ನೀಲಿಯಾಗುತ್ತದೆ. ನಿಮ್ಮಲ್ಲಿ ಮದ್ಯಸಾರದಲ್ಲಿ ನೆನೆಸುವವರ ಚರ್ಮ ನೀಲಿ. ಒಣಗಿಸಿ ಹದ ಮಾಡುವವರದ್ದು ಕಪ್ಪುಗಂದು, ಏಕೆಂದರೆ ದ್ರವ ಆರಿ ಹರಳಿನ ಸಂದು ಕುಸಿಯುತ್ತದೆ, ಮೆಲನಿನ್ ಒಂದೇ ಗಟ್ಟಿಯಾಗಿ ಉಳಿಯುತ್ತದೆ. ಎರಡು ರಾಜ್ಯಗಳ ಸೈನ್ಯವನ್ನು ಕವಚದ ಬಣ್ಣದಿಂದಲೇ ಬೇರೆ ಮಾಡಿ ತೋರಿಸಬಹುದು.