ಅಟ್ಟದಲ್ಲಿ ಸಿಕ್ಕ ಕಡತ: ಮ್ಯೂಸಿಯಂಗೆ ಕೊಡುವ ಮೊದಲು ಸಹಾಯ ಬೇಕು

ನಮಸ್ಕಾರ. ನಮ್ಮದು ಸಾಗರ. ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ಒಂದು ಕಟ್ಟು ತಾಳೆಗರಿ, ಜೊತೆಗೆ ಒಂದು ಕಡತ ಸಿಕ್ಕಿತು. ಆಫೀಸಿನ ಫೈಲಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಬಳಪದಲ್ಲಿ ಬರೆಯುತ್ತಿದ್ದರಲ್ಲ, ಅದು. ಎರಡನ್ನೂ ಕೆಳದಿ ಮ್ಯೂಸಿಯಂಗೆ ಕೊಡಬೇಕೆಂದಿದ್ದೇವೆ. ನಮ್ಮ ಸೀಮೆಯ ಚರಿತ್ರೆ ಇಲ್ಲೇ ಉಳಿಯಬೇಕು ಅಲ್ವಾ?

ತಾಳೆಗರಿಯ ಚಿಂತೆಯಿಲ್ಲ. ಅಕ್ಷರ ಕೊರೆದದ್ದು, ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದೆ. ತೊಂದರೆ ಕಡತದ್ದು. ಮಳೆಗಾಲದ ತೇವಕ್ಕೆ ಮಡಿಕೆಗಳು ಅಂಟಿಕೊಂಡಿವೆ. ಎರಡು ದಿನ ನೆರಳಲ್ಲಿ ಗಾಳಿಗಿಟ್ಟೆ, ಬಿಡಲಿಲ್ಲ. ಸ್ವಲ್ಪ ಜಾಸ್ತಿ ಎಳೆದರೆ ಕಪ್ಪು ಪದರವೇ ಕಿತ್ತು ಬರುತ್ತದೆ. ಬೆರಳು ತಾಗಿದರೂ ಬರಹ ಮಾಸುತ್ತಿದೆ. ತಾಳೆಗರಿಗೆ ಸವರುವ ಮಜ್ಜಿಗೆ ಹುಲ್ಲಿನ ಎಣ್ಣೆಯನ್ನೇ ಹಚ್ಚಿ ಅಂತ ಒಬ್ಬರು ಹೇಳಿದರು. ನನಗೆ ಧೈರ್ಯ ಬರಲಿಲ್ಲ.

ಬರಹ ಅಳಿಯದಂತೆ ಮಡಿಕೆ ಬಿಡಿಸುವ ದಾರಿ ಇದೆಯಾ? ಇಲ್ಲ, ಮುಟ್ಟದೆ ಹಾಗೇ ಒಯ್ದು ಕೊಡುವುದೇ ಸರಿಯಾ? ಕಡತ ಬಿಡಿಸಿದ ಅನುಭವ ಇರುವವರು ದಯವಿಟ್ಟು ತಿಳಿಸಿ.