ಪೇಟೆಯ ಹಳೇ ಹೆರಿಗೆ ಆಸ್ಪತ್ರೆ: ಮಾರಬೇಕಾ, ಉಳಿಸಿಕೊಳ್ಳಬೇಕಾ?

ರೇಷ್ಮೆಗೂಡು:
ಚಿಕ್ಕಬಳ್ಳಾಪುರ ಜಿಲ್ಲೆಯದೇ ಒಂದು ಊರು, ಹೆಸರು ಬೇಡ ಬಿಡಿ. ಪೇಟೆ ಬೀದಿಯಲ್ಲಿ ನಗರಸಭೆಯ ಹಳೇ ಹೆರಿಗೆ ಆಸ್ಪತ್ರೆ ಇದೆ. ಕಲ್ಲು ಕಂಬ, ಕಲ್ಲು ಚಪ್ಪಡಿ ಚಾವಣಿ, ಹಿಂದೆ ಒಂದು ಬಾವಿ, ಎರಡು ಹುಣಸೆಮರ. ಹೆರಿಗೆ ಎಲ್ಲಾ ತಾಲ್ಲೂಕು ಆಸ್ಪತ್ರೆಗೆ ಹೋದ ಮೇಲೆ ಬೀಗ ಬಿದ್ದಿದ್ದು ಇನ್ನೂ ತೆಗೆದಿಲ್ಲ. ಈಗ ಊರಲ್ಲಿ ಮೂರು ಮಾತು ಓಡಾಡುತ್ತಿದೆ. ಜಾಗ ಹರಾಜು ಹಾಕಿ ಆ ದುಡ್ಡಲ್ಲಿ ಚರಂಡಿ ಮಾಡಿಸುವುದು, ಕೆಡವಿ ಮಳಿಗೆ ಕಟ್ಟಿ ಬಾಡಿಗೆಗೆ ಬಿಡುವುದು, ಇಲ್ಲಾ ಯಾವುದೋ ಟ್ರಸ್ಟಿಗೆ 30 ವರ್ಷ ಗುತ್ತಿಗೆ ಕೊಡುವುದು. ಮುಂದಿನ ಸಾಮಾನ್ಯ ಸಭೆಗೆ ಬರುತ್ತದಂತೆ. ನಾನು ಹುಟ್ಟಿದ್ದೇ ಅಲ್ಲಿ, ಅದಕ್ಕೇ ಹೊಟ್ಟೆ ಉರಿಯುತ್ತದೆ, ಆದರೆ ಸಭೆಯಲ್ಲಿ ಹೊಟ್ಟೆ ಉರಿ ಲೆಕ್ಕಕ್ಕೆ ಬರಲ್ಲ ಅಲ್ವಾ. ಸದಸ್ಯರು ಕೈ ಎತ್ತಿದರೆ ಮಾರಿಬಿಡಬಹುದಾ? ನಾವು ಏನು ಕೇಳಬಹುದು?

ಮಂಡಿ ಅಂಗಡಿ:
ಮಾರಲಿ ಗುರು. ನನ್ನ ಅಂಗಡಿ ಎದುರಿಗೇ ಅಂಥದ್ದೊಂದು ಇದೆ. ಹಗಲು ಹಂದಿ, ರಾತ್ರಿ ಬಾಟ್ಲಿ, ಇಸ್ಪೀಟು. ನೆನಪು ನೆನಪು ಅಂತ ಬಾಯಲ್ಲಿ ಹೇಳುತ್ತೀರಿ, ಒಬ್ಬರೂ ಒಂದು ಹೆಂಚು ಬದಲಾಯಿಸಿಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ ನೆನಪಿದೆಯಾ? 2012ರಲ್ಲಿ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಆಮೇಲೂ ಕೆಡವಬೇಕಾ ಉಳಿಸಬೇಕಾ ಅಂತ ವರ್ಷಗಟ್ಟಲೆ ಜಗಳ. ನಮ್ಮೂರಲ್ಲಿ ಹಾಗಾಗುವುದು ಬೇಡ.

ಹಳೇ ಗುಮಾಸ್ತ:
ನಾನು ರಿಟೈರ್ ಆದವನು, ಕಂದಾಯ ಶಾಖೆಯಲ್ಲಿ ಸವೆದವನು. ಸುಮ್ನೆ ಕೈ ಎತ್ತಿದರೆ ಮಾರಾಟ ಆಗಲ್ಲ. ಪೌರಸಭೆಗಳ ಅಧಿನಿಯಮ 1964ರ 72ನೇ ಕಲಂ ಓದಿ. ಇಂಥ ಜಾಗ ಮಾರುವುದಕ್ಕೂ, ನೀವು ಹೇಳುವ 30 ವರ್ಷದಂಥ ಉದ್ದನೆಯ ಗುತ್ತಿಗೆಗೂ ಸರ್ಕಾರದ ಮಂಜೂರಾತಿ ಬೇಕು. ಸಭೆಯ ನಡಾವಳಿ ಮೊದಲ ಮೆಟ್ಟಿಲು ಅಷ್ಟೇ.

ಅದಕ್ಕಿಂತ ಮುಂಚೆ ಜಾಗ ಯಾರದ್ದು ನೋಡಿ. ಗೋಡೆಗೆ ನಗರಸಭೆ ಬೋರ್ಡು ನೇತಾಕಿದ ಮಾತ್ರಕ್ಕೆ ಖಾತೆ ನಗರಸಭೆ ಹೆಸರಲ್ಲೇ ಇರಬೇಕು ಅಂತಿಲ್ಲ, ಆರೋಗ್ಯ ಇಲಾಖೆಯದ್ದೋ ಕಂದಾಯದ್ದೋ ಆಗಿರಬಹುದು. ಇನ್ನೊಂದು, ಹಳೇ ಹೆರಿಗೆ ಆಸ್ಪತ್ರೆಗಳನ್ನು ಎಷ್ಟೋ ಕಡೆ ಊರಿನ ಸಾಹುಕಾರರು ತಾಯಿಯ ಹೆಸರಲ್ಲಿ ಕಟ್ಟಿಸಿಕೊಟ್ಟಿರುತ್ತಾರೆ. ಬಾಗಿಲ ಮೇಲೆ ಕಲ್ಲು ಇದೆಯಾ? ದಾನಪತ್ರದಲ್ಲಿ ಆಸ್ಪತ್ರೆಗೆ ಮಾತ್ರ ಅಂತ ಷರತ್ತಿದ್ದರೆ ಮೊಮ್ಮಕ್ಕಳು ಕೋರ್ಟಿಗೆ ಹೋಗುತ್ತಾರೆ, ಹರಾಜು ಹಿಡಿದವನ ದುಡ್ಡೂ ಸಿಕ್ಕಿಕೊಳ್ಳುತ್ತದೆ, ಚರಂಡಿಯೂ ಆಗಲ್ಲ.

ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆಸ್ತಿ ರಿಜಿಸ್ಟರ್, ಮೌಲ್ಯಮಾಪನ, ಲೋಕೋಪಯೋಗಿಯವರ ಶಿಥಿಲ ವರದಿ, ಮೂರರ ನಕಲು ಕೇಳಿ. ಅವರಿಗೆ 30 ದಿನ ಟೈಮ್ ಇದೆ, ಅಷ್ಟರಲ್ಲಿ ಸಭೆ ಮುಗಿದಿರುತ್ತದೆ. ಹಾಗಾಗಿ ಪೌರಾಯುಕ್ತರಿಗೆ ಈಗಲೇ ಒಂದು ಆಕ್ಷೇಪಣೆ ಕೊಟ್ಟು ಸೀಲು ಹಾಕಿಸಿಕೊಳ್ಳಿ, ಒಂದು ಪ್ರತಿ ಡೀಸಿ ಆಫೀಸಿಗೆ. ಮೌಲ್ಯಮಾಪನದ ತಾರೀಕು ನೋಡುವುದು ಮರೆಯಬೇಡಿ. 2023ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ದರ, ಅಂದರೆ ಜಾಗಕ್ಕೆ ಸರ್ಕಾರ ಗೊತ್ತುಮಾಡುವ ಕನಿಷ್ಠ ಬೆಲೆ, ಏರಿದೆ. ಅದಕ್ಕಿಂತ ಹಳೇ ಲೆಕ್ಕ ತೋರಿಸಿದರೆ ಅಲ್ಲೇ ಹಿಡಿಯಿರಿ.

ಗಾರೆಕೆಲಸ:
ಸಿವಿಲ್ ಇಂಜಿನಿಯರ್ ನಾನು. ಶಿಥಿಲ ವರದಿ ಸಿಕ್ಕರೆ ಚಾವಣಿ ಮೇಲೆ ಹತ್ತಿ ನೋಡಿದ್ದಾರಾ, ಬರೀ ಗೇಟಲ್ಲಿ ನಿಂತು ಬರೆದಿದ್ದಾರಾ ಗೊತ್ತಾಗುತ್ತದೆ. ಕಲ್ಲು ಚಪ್ಪಡಿ ಮನೆಗಳಲ್ಲಿ ಜಾಸ್ತಿ ಕೆಡುವುದು ಚಪ್ಪಡಿ ಅಲ್ಲ, ಅದರ ಮೇಲಿನ ಗಾರೆ. ನೀರು ಇಳಿಯುತ್ತದೆ, ಗೋಡೆ ಸಂದಿಯಲ್ಲಿ ಅರಳಿ ಗಿಡ ಬೇರು ಬಿಡುತ್ತದೆ, ನೋಡಿದವರಿಗೆ ಬೀಳುವ ಹಾಗೆ ಕಾಣುತ್ತದೆ. ಚಪ್ಪಡಿಯೇ ಅಡ್ಡಡ್ಡ ಬಿರುಕು ಬಿಟ್ಟಿದ್ದರೆ ಮಾತ್ರ ಯಾರನ್ನೂ ಒಳಗೆ ಬಿಡಬೇಡಿ. ಕೆಡವುವುದೇ ಖಾಯಂ ಆದರೆ ಕಲ್ಲು, ತೇಗದ ಬಾಗಿಲು ಬೇರೆಯಾಗಿ ಹರಾಜಾಗಲಿ ಅಂತ ಬರೆಸಿ. ಇಲ್ಲದಿದ್ದರೆ ಕೆಡವಲು ಬಂದವನು ಕೂಲಿಯೂ ತಗೊಂಡು ತೇಗವನ್ನೂ ಹೊತ್ತುಕೊಂಡು ಹೋಗುತ್ತಾನೆ.

ಗುಡಿಬೀದಿ ಟೀಚರ್:
ಮಂಡಿ ಅಣ್ಣಾ, ನೀವು ಹೇಳುವ ಹಂದಿ, ಬಾಟ್ಲಿ ನಿಜ, ಆದರೆ ಅದು ಖಾಲಿ ಇರುವುದಕ್ಕೆ ಬಂದಿರುವ ರೋಗ. ನಾನು ಅಂಗನವಾಡಿ ಟೀಚರ್. ನಮ್ಮದು ಬಾಡಿಗೆ ಮನೆ, ಮಾಲೀಕರು ಮಗಳ ಮದುವೆ ಅಂದರೆ ವಾರ ರಜೆ ಕೊಡಬೇಕು. ಪಕ್ಕದ ವಾರ್ಡಿನ ಕ್ಲಿನಿಕ್ಕೂ ಬಾಡಿಗೆಯಲ್ಲೇ ಇದೆ. ಆಸ್ತಿ ತೆರಿಗೆ ರಸೀದಿಯಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ ನೋಡಿ. ತೆರಿಗೆಯ ರೂಪಾಯಿಗೆ 6 ಪೈಸೆ, ಎಲ್ಲರೂ ಕಟ್ಟುತ್ತೀರಿ. ನಮ್ಮ ಲೈಬ್ರರಿಯಲ್ಲಿ ಪೇಪರ್ ಓದಲು ಬಂದವರು ಮೆಟ್ಟಿಲ ಮೇಲೆ ಕೂರುತ್ತಾರೆ. ಸರ್ಕಾರಿ ಕಚೇರಿಗಳು ಊರಲ್ಲಿ ಎಷ್ಟು ಬಾಡಿಗೆ ಕಟ್ಟುತ್ತಿವೆ ಅನ್ನುವ ಪಟ್ಟಿ ಮೊದಲು ಸಭೆ ಮುಂದೆ ಇಡಲಿ. ಸ್ವಂತ ಮನೆ ಮಾರಿ ಬಾಡಿಗೆಗೆ ಹೋಗುವವರನ್ನು ನಾವು ಬುದ್ಧಿವಂತರು ಅನ್ನುತ್ತೇವಾ?

ಮಂಡಿ ಅಂಗಡಿ:
ಅಕ್ಕಾ, ಅದು ಸರಿ. ದುರಸ್ತಿ ದುಡ್ಡು ಯಾರು ಕೊಡುತ್ತಾರೆ?

ಹಳೇ ಗುಮಾಸ್ತ:
ಕಟ್ಟುತ್ತಿರುವ ಬಾಡಿಗೆಯನ್ನೇ ಐದು ವರ್ಷಕ್ಕೆ ಕೂಡಿಸಿ ನೋಡಪ್ಪ, ಆಮೇಲೆ ಮಾತಾಡೋಣ. ಮಳಿಗೆ ಕಟ್ಟುವ ಆಸೆ ಇದ್ದರೆ ಈಗಿರುವ ಮಳಿಗೆಗಳ ಬಾಡಿಗೆ ಬಾಕಿ ಎಷ್ಟಿದೆ ಅಂತಲೂ ಕೇಳು. ನನ್ನ ಸರ್ವೀಸಿನಲ್ಲಿ ಬಾಕಿ ಇಲ್ಲದ ಮಳಿಗೆ ಸಾಲು ನೋಡಿಲ್ಲ.

ರೇಷ್ಮೆಗೂಡು:
ಇವತ್ತು ಬೆಳಿಗ್ಗೆ ಹೋಗಿ ಬಂದೆ. ಕಲ್ಲು ಇದೆ ಸಾರ್! ಸುಣ್ಣ ಬಳಿದು ಬಳಿದು ಅಕ್ಷರ ಮುಚ್ಚಿಹೋಗಿತ್ತು, ತೆಂಗಿನ ನಾರಲ್ಲಿ ಉಜ್ಜಿದೆ. ಒಬ್ಬ ಹೆಂಗಸಿನ ಹೆಸರು, ಕೆಳಗೆ "ಜ್ಞಾಪಕಾರ್ಥ" ಅಂತ, ಅಷ್ಟು ಓದಲು ಬಂತು. ಉಳಿದದ್ದು ಇನ್ನೊಂದು ಸಲ ಉಜ್ಜಬೇಕು. ಸೋಮವಾರ ಅರ್ಜಿ ಕೊಡುತ್ತೇನೆ, ಟೀಚರ್ ಹೇಳಿದ ಬಾಡಿಗೆ ಪಟ್ಟಿಯೂ ಸೇರಿಸಿ. ಒಳಗೆ ನೋಡೋಣ ಅಂತ ಬೀಗದ ಕೈ ಕೇಳಿದರೆ ಆರೋಗ್ಯ ಶಾಖೆಯವರು ಕಂದಾಯದಲ್ಲಿದೆ ಅಂದರು, ಕಂದಾಯದವರು ಆರೋಗ್ಯದಲ್ಲಿದೆ ಅಂದರು.

ಮಂಡಿ ಅಂಗಡಿ:
ಅರ್ಜಿಗೆ ನನ್ನ ಸಹಿಯೂ ಹಾಕಿಸಿಕೊಳ್ಳಿ. ಮಾರಬಾರದು ಅಂತ ಅಲ್ಲ, ಬೀಗದ ಕೈ ಹುಡುಕಲಿ ಅಂತ.