ವಾರ್ನಿಶ್ ಮ್ಯಾಲೆ ಹಚ್ಚಿದ ಬಣ್ಣ ಏಳಾಕತ್ತೈತಿ, ಏನ್ ಮಾಡೂದು?

ಬೆಳಗಾವಿ, ಟಿಳಕವಾಡಿಯಿಂದ ಪ್ರಶ್ನೆ:
ಸಾಗವಾನಿ ಬಾಗಿಲ, ಮೊದಲ ವಾರ್ನಿಶ್ ಇತ್ತು. ಹೋದ ದೀಪಾವಳಿಗೆ ಅದರ ಮ್ಯಾಲೆನ ಬಿಳಿ ಆಯಿಲ್ ಪೇಂಟ್ ಎರಡು ಕೋಟ್ ಹೊಡಸೀವಿ. ಈ ಮಳಿಗಾಲದಾಗ ಹಿಡಿಕಿ ಸುತ್ತ, ಕೆಳಗಿನ ಅಂಚಿಗೆ ಚಕ್ಕಿ ಚಕ್ಕಿ ಏಳಾಕತ್ತೈತಿ. ಎದ್ದಷ್ಟು ತಿಕ್ಕಿ ಹಚ್ಚಿದ್ರ ಸಾಕೋ, ಪೂರ್ತಿ ತಗೀಬೇಕೋ?

ಬಾಗಲಕೋಟೆ, ನವನಗರದಿಂದ:
ಮೊದಲ ಒಂದು ಚಕ್ಕಿ ಕಿತ್ತು ಅದರ ಬೆನ್ನು ನೋಡ್ರಿ. ಬೆನ್ನು ಗಾಜಿನಂಗ ನುಣ್ಣಗ ಹೊಳೀತಿದ್ದು, ವಾರ್ನಿಶ್ ಬಾಗಿಲಕ್ಕ ಹಂಗ ಉಳದಿದ್ರ, ತಿಕ್ಕಲಾರದ ಹೊಡದಾರ ಅಂತ ಅರ್ಥ. ಹೊಳಪಿನ ಮ್ಯಾಲೆ ಬಣ್ಣಕ್ಕ ಹಿಡಿತ ಸಿಗೂದಿಲ್ಲ. ಚಕ್ಕಿ ಜೋಡಿ ಹಳದಿ ವಾರ್ನಿಶೂ ಎದ್ದು ಬಂದ್ರ ವಾರ್ನಿಶೇ ಕಟ್ಟಿಗಿ ಬಿಟ್ಟೈತಿ, ಅದನ್ನೂ ತಗೀಬೇಕು. ಬೆನ್ನಿಗೆ ಕಟ್ಟಿಗಿ ನಾರು ಅಂಟಿ, ಕೆಳಗ ಕಪ್ಪಾಗಿದ್ರ ನೀರಿನ ಕಾಟ.

ಗಟ್ಟಿ ಕಾಣೂ ಜಾಗಾನೂ ನಂಬಬ್ಯಾಡ್ರಿ. ಬ್ಲೇಡಿನಿಂದ 2 ಮಿ.ಮೀ. ಅಂತರಕ್ಕ ಉದ್ದ 6 ಗೆರಿ, ಅಡ್ಡ 6 ಗೆರಿ ಕೊಯ್ದು, ಟೇಪ್ ಒತ್ತಿ ಹಚ್ಚಿ ಝಟ್ಟನ ಕೀಳ್ರಿ. 25 ಚೌಕದಾಗ ಮೂಲಿ ಅಷ್ಟ ಒಡದ್ರ ತ್ಯಾಪಿ ಸಾಕು. ಚೌಕಗಳೇ ಟೇಪಿಗೆ ಎದ್ದು ಬಂದ್ರ ಆ ಹಲಗಿ ಪೂರಾ ಕೆರೀರಿ.

ಬೆಳಗಾವಿ, ಶಹಾಪುರದಿಂದ:
ಹಿಡಿಕಿ ಸುತ್ತ ಎದ್ದೈತಿ ಅಂದ್ರ ಕೈ ಜಿಡ್ಡೂ ಇರ್ತೈತಿ. ತಿಕ್ಕೂಕ್ಕಿಂತ ಮೊದಲ ಟರ್ಪೆಂಟೈನ್ ಅರಿವಿಲೆ ಒರಸ್ರಿ, ಅರಿವಿ ಹೊಲಸಾದಂಗ ಬದಲಸ್ರಿ. ಜಿಡ್ಡು ಇದ್ದಾಗ ತಿಕ್ಕಿದ್ರ ಅದು ಗೆರಿಯೊಳಗ ಇಳೀತೈತಿ.

ಸಡಿಲ ಬಣ್ಣ ಪುಟ್ಟಿ ಪಟ್ಟಿಯಿಂದ ನಾರಿನ ಗುಂಟ ಕೆರೀರಿ. ಉಳಿದ ಬಣ್ಣದ ಅಂಚನ್ನ 120 ನಂಬರ್ ಸ್ಯಾಂಡ್ ಪೇಪರಿನಿಂದ ಇಳಿಜಾರು ಮಾಡ್ರಿ. ಕಣ್ಣು ಮುಚ್ಚಿ ಬೆರಳು ಆಡಿಸಿದ್ರ ಮೆಟ್ಟಲ ಹತ್ತಬಾರದು. ಬಯಲಾದ ವಾರ್ನಿಶನ್ನ 180 ನಂಬರಿನಿಂದ ಪೂರ್ತಿ ಮಂಕಾಗೂತನಕ ತಿಕ್ಕರಿ. ಗಟ್ಟಿ ವಾರ್ನಿಶ್ ಇದ್ರ ಕಟ್ಟಿಗಿ ತನಕ ಇಳಿಯೂದು ಸುಮ್ಮನ ಶ್ರಮ. ಧೂಳು ಒರಸಿ, ಆಯಿಲ್ ಬೇಸಿನ ವುಡ್ ಪ್ರೈಮರ್ ತೆಳುವಾಗಿ ಒಂದು ಕೋಟ್. ರಾತ್ರಿಯಿಡೀ ಒಣಗಲಿ. ತಗ್ಗಿಗೆ ಕಟ್ಟಿಗಿ ಪುಟ್ಟಿನ ತುಂಬ್ರಿ. ಗ್ವಾಡಿಗೆ ಹಚ್ಚೂ ಸಿಮೆಂಟ್ ಪುಟ್ಟಿ ಕಟ್ಟಿಗಿ ಹಿಗ್ಗಿ ಕುಗ್ಗಿದಂಗ ಬಿರೀತೈತಿ. ಪುಟ್ಟಿ ಹಚ್ಚಿದಲ್ಲಿ ಮತ್ತ ಪ್ರೈಮರ್, 220ರಿಂದ ಹಗೂರ ತಿಕ್ಕಿ ಎನಾಮೆಲ್ (ಆಯಿಲ್ ಪೇಂಟ್) ಎರಡು ಕೋಟ್, ನಡುವ ಒಂದು ದಿನ ಬಿಡ್ರಿ. 7×3 ಅಡಿ ಬಾಗಿಲದ ಎರಡೂ ಮಗ್ಗಲಕ್ಕ ಪ್ರೈಮರ್ ಅರ್ಧ ಲೀಟರ್, ಎನಾಮೆಲ್ ಒಂದು ಲೀಟರ್ ತರ್ರಿ.

ವಿಜಯಪುರದಿಂದ:
ವಾರ್ನಿಶ್ ಅಂತ ಕರಿಯೂದು ಹಳೇ ಮನಿಗಳಾಗ ಸ್ಪಿರಿಟ್ ಪಾಲಿಶೂ ಇರಬಹುದು. ಸ್ಪಿರಿಟ್ ಅದ್ದಿದ ಅರಳಿ ಒಂದು ನಿಮಿಷ ಒತ್ತಿ ಹಿಡೀರಿ. ಅಂಟಂಟಾದ್ರ ಅರಗಿನ ಪಾಲಿಶ್. ಅದರ ಮ್ಯಾಲೂ ಆಯಿಲ್ ಪ್ರೈಮರ್ ನಿಲ್ತದ. ಆದ್ರ ಎನ್‌ಸಿ ಥಿನ್ನರ್ (ನೈಟ್ರೋಸೆಲ್ಯುಲೋಸ್ ಲ್ಯಾಕರ್ ತೆಳು ಮಾಡೂ ದ್ರಾವಣ) ಮುಟ್ಟಿಸಬ್ಯಾಡ್ರಿ, ಅಂಚಿನ್ಯಾಗ ಉಳಿದ ಎನಾಮೆಲ್ ಸುಕ್ಕುಗಟ್ಟಿ ಏಳ್ತದ.

ನಮ್ಮ ಕಡೆ ಬ್ಯಾಸಗ್ಯಾಗ ಪಶ್ಚಿಮದ ಬಾಗಿಲಕ್ಕ ಮಧ್ಯಾಹ್ನ ಹಚ್ಚಿದ್ರ ಮ್ಯಾಲೆ ಕೆನಿ ಕಟ್ಟಿ ಒಳಗ ಹಸೀನ ಉಳೀತದ. ಬಿಸಲು ಬರೂದ್ರೊಳಗ ಮುಗಸ್ರಿ.

ಬಾಗಲಕೋಟೆ, ವಿದ್ಯಾಗಿರಿಯಿಂದ:
ಕೆಳಗ ಹಳೇ ಬಣ್ಣದ ಪದರ ಇದ್ದವರು ಎಚ್ಚರ ಇರ್ರಿ. ಮನಿ ಬಣ್ಣದಾಗ ಸೀಸ ಹತ್ತು ಲಕ್ಷಕ್ಕ 90 ಪಾಲು ಮೀರಬಾರದು ಅನ್ನೂ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ಕ್ಕ. ಅದಕ್ಕಿಂತ ಹಿಂದಿನ ಬಣ್ಣ ಒಣ ತಿಕ್ಕಬ್ಯಾಡ್ರಿ. ವಾಟರ್ ಪೇಪರ್ (ನೀರು ತಡಿಯೂ ಸ್ಯಾಂಡ್ ಪೇಪರ್) ನೀರಾಗ ಅದ್ದಿ ತಿಕ್ಕರಿ, ಮಾಸ್ಕ್ ಹಾಕ್ರಿ, ಸಣ್ಣ ಹುಡುಗರನ್ನ ದೂರ ಇಡ್ರಿ. ತಿಕ್ಕಿದ ಮ್ಯಾಲೆ ಬಾಗಿಲ ಪೂರ್ತಿ ಒಣಗಬೇಕು.

ಬೆಳಗಾವಿ, ಶಹಾಪುರದಿಂದ ಮತ್ತೊಂದು ಮಾತು:
ಕೆಳಗಿನ ಅಂಚು ಮರೀಬ್ಯಾಡ್ರಿ. ಬಿಜಾಗರಿ ಬಿಚ್ಚಿ ಬಾಗಿಲ ಅಡ್ಡ ಮಲಗಿಸಿ ತಳ ನೋಡ್ರಿ, ಬಹುತೇಕ ಬೋಳಾಗೇ ಇರ್ತೈತಿ. ನೆಲ ಒರಸಿದ ನೀರು ಅಲ್ಲಿಂದ ನಾರಿನ ತುದಿಗುಂಟ ಮ್ಯಾಲೆ ಏರಿ, ಬಣ್ಣ ಒಳಗಿಂದ ನೂಕತೈತಿ. ಅಲ್ಲಿಗೆ ಪ್ರೈಮರ್ ಎರಡು ಕೋಟ್ ಬೇಕು. ಬಾಗಿಲ ಈಗ ಚೌಕಟ್ಟಿಗೆ ತಿಕ್ಕಾಡಾಕತ್ತಿದ್ರ ಕಟ್ಟಿಗಿ ಇನ್ನೂ ನೀರು ಕುಡದೈತಿ. ಸಲೀಸಾಗಿ ಮುಚ್ಚೂತನಕ ಡಬ್ಬಿ ತಗೀಬ್ಯಾಡ್ರಿ.